ಕೆಲಸ ಬ್ಯಾಂಕಾಕಿನಲ್ಲಿ ಅಂದರು, ಇಳಿಸಿದ್ದು ಎಲ್ಲಿ?

ನಲ್ಲಂಪಳ್ಳಿ: ಬೆಂಗಳೂರು-ಸೇಲಂ ಹೆದ್ದಾರಿಯಲ್ಲಿ ಧರ್ಮಪುರಿ ದಾಟಿ, ತೊಪ್ಪೂರು ಘಾಟಿ ಇಳಿಯುವ ಮೊದಲು ಸಿಗುವ ಊರು ನಲ್ಲಂಪಳ್ಳಿ. ಮಂಗಳವಾರದ ಸಂತೆಯಲ್ಲಿ ಆಡು ಕೊಳ್ಳುವವರು ಮೊದಲು ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ, ಬೆನ್ನು ಹಿಡಿದು ತೂಕ ಅಂದಾಜು ಮಾಡುತ್ತಾರೆ. ರೇಟಿನ ಮಾತು ಆಮೇಲೆ. ಇದೇ ಸೀಮೆಯ ಮನೆಗಳಿಂದ ಮಗನನ್ನು ಹೊರದೇಶದ ಕೆಲಸಕ್ಕೆ ಕಳಿಸುವಾಗ ಏಜೆಂಟನ ನೋಂದಣಿ ಸಂಖ್ಯೆ ಕೇಳುವವರು ಎಷ್ಟು ಮಂದಿ?

ಈ ಪ್ರಶ್ನೆಗೆ ಕಾರಣವಿದೆ. 2025ರ ಮಾರ್ಚ್ 10 ಮತ್ತು 11ರಂದು ಭಾರತೀಯ ವಾಯುಪಡೆಯ ವಿಮಾನಗಳು ಥಾಯ್ಲೆಂಡಿನ ಮೇ ಸೋಟ್ ಪಟ್ಟಣದಿಂದ 549 ಭಾರತೀಯರನ್ನು ಕರೆತಂದವು. ಮೊದಲ ದಿನ 283, ಮರುದಿನ 266. ಅಲ್ಲಿಗೇ ಮುಗಿಯಲಿಲ್ಲ. ಅದೇ ವರ್ಷ ನವೆಂಬರ್ 6ರಂದು ಅದೇ ಊರಿನಿಂದ ಮತ್ತೆ 270 ಮಂದಿಯನ್ನು ತರಬೇಕಾಯಿತು. ಅದಕ್ಕೂ ಹಿಂದೆ, 2022ರ ಸೆಪ್ಟೆಂಬರಿನಲ್ಲಿ, ಮ್ಯಾನ್ಮಾರಿನಲ್ಲಿ ಸಿಕ್ಕಿಬಿದ್ದ ಸುಮಾರು 300 ಭಾರತೀಯರಲ್ಲಿ 50 ಮಂದಿ ತಮಿಳುನಾಡಿನವರು ಎಂದು ಮುಖ್ಯಮಂತ್ರಿ ಸ್ಟಾಲಿನ್ ಪ್ರಧಾನಿಗೆ ಪತ್ರ ಬರೆದಿದ್ದರು. ಮುಂದಿನ ತಿಂಗಳು 13 ಮಂದಿ ಚೆನ್ನೈಗೆ ಬಂದಿಳಿದರು.

ಇವರು ಹೋದ ದಾರಿಯನ್ನು ಒಮ್ಮೆ ನೋಡಿ. ಈ ಕಡೆಯ ಹುಡುಗನಾದರೆ ಬೆಂಗಳೂರು ವಿಮಾನ ನಿಲ್ದಾಣಕ್ಕೇ ನಾಲ್ಕು ಗಂಟೆ ಬೇಕು. ಅಲ್ಲಿ ಕಾಯುವುದು ಮೂರು ಗಂಟೆ, ಆಕಾಶದಲ್ಲಿ ಸುಮಾರು ನಾಲ್ಕು ಗಂಟೆ. ಬ್ಯಾಂಕಾಕಿನಲ್ಲಿ ಇಳಿದಾಗ ಕಣ್ಣಲ್ಲಿ ನಿದ್ದೆ, ಎದೆಯಲ್ಲಿ ಡವಡವ. ಭಾರತೀಯರಿಗೆ 2023ರ ನವೆಂಬರಿನಲ್ಲಿ ಥಾಯ್ಲೆಂಡ್ ವೀಸಾ ಇಲ್ಲದೆ ಪ್ರವೇಶ ಕೊಟ್ಟಿತು, 2024ರ ಜುಲೈನಲ್ಲಿ ಅದನ್ನು 60 ದಿನಕ್ಕೆ ಏರಿಸಿತು. ಪ್ರವಾಸಿಗರಿಗೆಂದು ತೆರೆದ ಬಾಗಿಲು ಅದು. ಕೌಂಟರಿನಲ್ಲಿ 'ಪ್ರವಾಸಕ್ಕೆ ಬಂದಿದ್ದೇನೆ' ಎನ್ನಬೇಕು ಎಂದು ಏಜೆಂಟ್ ಮೊದಲೇ ಹೇಳಿಕೊಟ್ಟಿರುತ್ತಾನೆ. ಹೊಸ ದೇಶದಲ್ಲಿ ಆಡುವ ಮೊದಲ ಮಾತೇ ಸುಳ್ಳು.

ಹೊರಗೆ ಕಾರು ಕಾದಿರುತ್ತದೆ. ಆಫೀಸು ಸ್ವಲ್ಪ ದೂರ ಅನ್ನುತ್ತಾರೆ. ಆ 'ಸ್ವಲ್ಪ ದೂರ' ಸುಮಾರು 500 ಕಿ.ಮೀ. ಅದು ಮುಗಿಯುವುದು ಮೇ ಸೋಟ್‌ನಲ್ಲಿ. ಮುಂದೆ ಮೋಯಿ ನದಿ, ಆಚೆ ದಡ ಮ್ಯಾನ್ಮಾರಿನ ಮ್ಯಾವಡಿ. ದಾಟಿಸುವಾಗ ಪಾಸ್‌ಪೋರ್ಟಿಗೆ ಮುದ್ರೆ ಬೀಳುವುದಿಲ್ಲ. ಕಾಗದದ ಪ್ರಕಾರ ಹುಡುಗ ಇನ್ನೂ ಥಾಯ್ಲೆಂಡಿನಲ್ಲೇ ಇದ್ದಾನೆ, ಮ್ಯಾನ್ಮಾರಿಗೆ ಕಾಲಿಟ್ಟೇ ಇಲ್ಲ. ಬೇಲಿಯೊಳಗೆ ಪಾಸ್‌ಪೋರ್ಟು, ಮೊಬೈಲು ಕಿತ್ತುಕೊಂಡು ಕಂಪ್ಯೂಟರಿನ ಮುಂದೆ ಕೂರಿಸುತ್ತಾರೆ. ಸುಳ್ಳು ಹೆಸರಿನಲ್ಲಿ ಜಗತ್ತಿನ ಯಾರ ಯಾರನ್ನೋ ಮಾತಿಗೆಳೆದು ದುಡ್ಡು ಕೀಳುವುದೇ ಕೆಲಸ. ಒಪ್ಪದಿದ್ದರೆ ಏಟು. ತಪ್ಪಿಸಿಕೊಂಡು ನದಿ ದಾಟಿ ಬಂದರೂ ಥಾಯ್ ಪೊಲೀಸರ ಕಣ್ಣಿಗೆ ಮೊದಲು ಕಾಣುವುದು ಗಡಿ ನುಸುಳಿದವನು. ಮೋಸ ಹೋದವನು ಅನ್ನುವುದನ್ನು ಆತನೇ ರುಜುವಾತು ಮಾಡಬೇಕು.

ಹತ್ತನೇ ಕ್ಲಾಸಿನ ಗೆರೆ

ಹೀಗೆ ಹೋಗುವವರನ್ನು ಇಲ್ಲೇ ತಡೆದು ವಿಚಾರಿಸಲು ಕಾನೂನಿಲ್ಲವೇ? 1983ರ ವಲಸೆ ಕಾಯ್ದೆ ಇದೆ. ಆದರೆ ಅದು ಯಾರನ್ನು ಕಾಯುತ್ತದೆ ಅನ್ನುವುದರಲ್ಲೇ ತೊಡಕು. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿಗೆ ಸಾಮಾನ್ಯವಾಗಿ ಇ.ಸಿ.ಆರ್. ಗುರುತು ಬೀಳುತ್ತದೆ. ಅಂಥವರು ಸೌದಿ, ಕುವೈತ್, ಮಲೇಷ್ಯಾ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ವಲಸಿಗರ ರಕ್ಷಣಾಧಿಕಾರಿಯ ಅನುಮತಿ ಬೇಕು. ನೋಂದಾಯಿತ ಏಜೆಂಟ್, ಕರಾರು ಪತ್ರ, 10 ಲಕ್ಷ ರೂಪಾಯಿಯ ವಿಮೆ ಎಲ್ಲವೂ ಆ ಅನುಮತಿಯ ಜೊತೆಗೇ ಬರುತ್ತವೆ. ವಿಮೆಯ ಕಂತು ಎರಡು ವರ್ಷಕ್ಕೆ 275 ರೂಪಾಯಿ ಮಾತ್ರ.

ಹತ್ತು ಪಾಸಾದವರಿಗೆ ಇದು ಯಾವುದೂ ಕಡ್ಡಾಯವಲ್ಲ. ಓದಿದವನು ತನ್ನನ್ನು ತಾನು ನೋಡಿಕೊಳ್ಳುತ್ತಾನೆ ಎಂಬ ಲೆಕ್ಕ. ಗಾರೆ ಕೆಲಸಕ್ಕೆ ಮಾತ್ರ ಜನ ಹೋಗುತ್ತಿದ್ದ ಕಾಲಕ್ಕೆ ಆ ಲೆಕ್ಕ ಸರಿಯಿತ್ತೋ ಏನೋ. ಈ ವಂಚಕರಿಗೆ ಬೇಕಾಗಿರುವುದು ಇಂಗ್ಲಿಷ್ ಟೈಪ್ ಮಾಡಬಲ್ಲ, ಕಂಪ್ಯೂಟರ್ ಬಲ್ಲ ಹುಡುಗರು. ಡೇಟಾ ಎಂಟ್ರಿ ಕೆಲಸದ ಆಸೆ ತೋರಿಸಿ ಅಂಥವರನ್ನೇ ಬಲೆಗೆ ಹಾಕುತ್ತಿದ್ದಾರೆ ಎಂದು ವಿದೇಶಾಂಗ ಸಚಿವಾಲಯವೇ 2022ರಲ್ಲಿ ಎಚ್ಚರಿಸಿತ್ತು. ಅಂದರೆ ಅಪ್ಪ-ಅಮ್ಮ ಸಾಲ ಮಾಡಿ ಓದಿಸಿದ ಹುಡುಗನೇ ಕಾನೂನಿನ ಬೇಲಿಯ ಹೊರಗೆ ನಿಂತಿದ್ದಾನೆ. ಇನ್ನು ಪ್ರವಾಸಿ ವೀಸಾದಲ್ಲಿ ಹೊರಡುವವನಿಗೆ, ಆತ ಓದಿರಲಿ ಬಿಡಲಿ, ಅನುಮತಿಯ ಪ್ರಶ್ನೆಯೇ ಬರುವುದಿಲ್ಲ. ದುಬೈಗೆ 'ಮೊದಲು ವಿಸಿಟ್‌ನಲ್ಲಿ ಹೋಗು, ಆಮೇಲೆ ಬದಲಾಯಿಸೋಣ' ಎನ್ನುವ ಏಜೆಂಟರು ನುಸುಳುವುದೂ ಇದೇ ಸಂದಿಯಲ್ಲಿ.

ಹಳೆಯದೊಂದು ಸಂಗತಿ ನೆನಪಾಗುತ್ತದೆ. 1860ರಲ್ಲಿ ಮದರಾಸಿನಿಂದ ಹೊರಟ 'ಟ್ರೂರೋ' ಹಡಗು 342 ಮಂದಿ ಕೂಲಿಗಳನ್ನು ನವೆಂಬರ್ 16ರಂದು ಆಫ್ರಿಕಾದ ನಟಾಲ್ ತೀರಕ್ಕೆ ಮುಟ್ಟಿಸಿತು. ಕಬ್ಬಿನ ತೋಟದ ಆ ಜೀತವನ್ನು ಯಾರೂ ಹೊಗಳಬೇಕಿಲ್ಲ. ಆದರೂ ಹಡಗಿನ ಪಟ್ಟಿಯಲ್ಲಿ ಹೆಸರು, ತಂದೆಯ ಹೆಸರು, ವಯಸ್ಸು, ಊರು ಬರೆದಿಡುತ್ತಿದ್ದರು. ಮೊಮ್ಮಕ್ಕಳ ಮಕ್ಕಳು ಇಂದಿಗೂ ಆ ಪಟ್ಟಿ ಹಿಡಿದು ಮೂಲ ಹುಡುಕುತ್ತಾರೆ. ಮ್ಯಾವಡಿಗೆ ಹೋದವರ ಪಟ್ಟಿ ತಯಾರಾದದ್ದು ಅವರು ವಾಪಸು ಬರುವಾಗ!

ನಲ್ಲಂಪಳ್ಳಿ ಸುತ್ತಿನ ಕನ್ನಡ ಮನೆಗಳಿಗೆ ಇನ್ನೊಂದು ಗೊಂದಲವೂ ಉಂಟು. ಬಾಲಜಂಗಮನಹಳ್ಳಿಯಂಥ ಊರ ಹೆಸರುಗಳೇ ಹೇಳುವಂತೆ ಇಲ್ಲಿ ಕನ್ನಡದ ಬೇರು ಹಳೆಯದು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಕರಾರು ಪತ್ರ ಬಂದರೆ ಇಂಗ್ಲಿಷಿನಲ್ಲಿ. ನೆಂಟರು ಬೆಂಗಳೂರಿನಲ್ಲಿ ಇರುವುದರಿಂದ ಕಷ್ಟ ಬಂದಾಗ ಕಾಲು ಆ ಕಡೆಗೇ ಎಳೆಯುತ್ತದೆ. ಆದರೆ ಪಾಸ್‌ಪೋರ್ಟಿನ ವಿಳಾಸ ಧರ್ಮಪುರಿ ಜಿಲ್ಲೆಯದು. ಅರ್ಜಿ ಮುಟ್ಟಬೇಕಾದದ್ದು ಚೆನ್ನೈನ ಅನಿವಾಸಿ ತಮಿಳರ ಆಯುಕ್ತಾಲಯಕ್ಕೆ, ಚೆನ್ನೈನಲ್ಲೇ ಇರುವ ವಲಸಿಗರ ರಕ್ಷಣಾಧಿಕಾರಿಗೆ. ಜೊತೆಗೆ ಹುಡುಗ ಸಿಕ್ಕಿಕೊಂಡಿರುವ ದೇಶದ ಭಾರತೀಯ ರಾಯಭಾರ ಕಚೇರಿಗೆ. ಬೆಂಗಳೂರಿಗೆ ಅಲೆದು ಕಳೆಯುವ ಎರಡು ದಿನ, ಬೇಲಿಯೊಳಗಿರುವ ಹುಡುಗನಿಗೆ ಸಣ್ಣ ಸಮಯವೇನಲ್ಲ.

1983ರ ಕಾಯ್ದೆಯ ಜಾಗಕ್ಕೆ ಹೊಸದನ್ನು ತರಲು ಕೇಂದ್ರ ಸರ್ಕಾರ 2025ರ ಅಕ್ಟೋಬರಿನಲ್ಲಿ ಕರಡು ಮಸೂದೆ ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳಿತು. ಹತ್ತನೇ ಕ್ಲಾಸಿನ ಗೆರೆ ಅಳಿಸಿ, ಕೆಲಸಕ್ಕೆ ಹೊರಟ ಪ್ರತಿಯೊಬ್ಬರ ಹೆಸರೂ ಹೊರಡುವ ಮೊದಲೇ ಒಂದು ಕಡೆ ದಾಖಲಾಗುವಂತೆ ಮಾಡದೆ ಹೋದರೆ ಕಾಯ್ದೆಯ ಹೆಸರು ಬದಲಾಗಿ ಪ್ರಯೋಜನವಿಲ್ಲ. ಅಲ್ಲಿಯವರೆಗೆ ಮನೆಯವರ ಕೈಯಲ್ಲಿರುವುದು ಇಷ್ಟು: ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಂದಾಯಿತ ಏಜೆಂಟರ ಪಟ್ಟಿ ಇದೆ, ಮೊಬೈಲಿನಲ್ಲೇ ನೋಡಬಹುದು. ಏಜೆಂಟ್ ಪಡೆಯಬಹುದಾದ ಸೇವಾಶುಲ್ಕಕ್ಕೆ 30,000 ರೂಪಾಯಿ ಮತ್ತು ಜಿಎಸ್‌ಟಿಯ ಮಿತಿ ಇದೆ. ಲಕ್ಷಗಟ್ಟಲೆ ಕೇಳಿ, ರಸೀದಿ ಕೊಡದೆ, ಪ್ರವಾಸಿ ವೀಸಾದಲ್ಲಿ ಹತ್ತಿಸುವವನ ಹೆಸರು ಆ ಪಟ್ಟಿಯಲ್ಲಿ ಇದೆಯೇ ಎಂದು ಮುಂಗಡ ಕೊಡುವ ಮೊದಲೇ ನೋಡಿದರೆ ಆಯಿತು.