ಮೊಟ್ಟೆಯೊಂದನ್ನು ಬಿಟ್ಟರೆ ಸಾಕೆ?

ಮನೆಯಲ್ಲಿಯೇ ಬೇಯಿಸಿದ್ದು, ಮೊಟ್ಟೆಯಿಲ್ಲದ್ದು. ಇಷ್ಟಾದರೆ ಕೇಕು ನಮಗೆ ಸಲ್ಲುತ್ತದೆ ಎಂಬ ಮಾತು ನಮ್ಮ ಕುಟುಂಬಗಳಲ್ಲಿ ರೂಢಿಯಾಗಿದೆ. ಇದು ಅರ್ಧ ವಿವೇಕವೆಂದು ನಾನು ಸ್ಪಷ್ಟವಾಗಿ ಹೇಳಬಯಸುತ್ತೇನೆ.

ಚಾಕೊಲೇಟ್ ಮತ್ತು ವೆನಿಲಾ ಹಿಟ್ಟುಗಳನ್ನು ಸುಳಿಸುಳಿಯಾಗಿ ಬೆರೆಸುವ ಮಾರ್ಬಲ್ ಕೇಕನ್ನೇ ನೋಡೋಣ. ಅದಕ್ಕೆ ಮೊಟ್ಟೆ ಅನಿವಾರ್ಯವಲ್ಲ. ಮೊಸರಿನ ಹುಳಿಯು ಅಡುಗೆ ಸೋಡಾದೊಡನೆ ಕೂಡಿದಾಗ ಹುಟ್ಟುವ ಅನಿಲವೇ ಹಿಟ್ಟನ್ನು ಉಬ್ಬಿಸುತ್ತದೆ. ಒಂದೂವರೆ ಬಟ್ಟಲು ಮೈದಾಕ್ಕೆ ಒಂದು ಬಟ್ಟಲು ಮೊಸರು, ಅರ್ಧ ಚಮಚ ಸೋಡಾ ಸಾಕು.

ಆದರೆ ವೆನಿಲಾ? ಅಮೆರಿಕದ ಆಹಾರ ನಿಯಮದಂತೆ ‘ವೆನಿಲಾ ಎಕ್ಸ್‌ಟ್ರಾಕ್ಟ್’ ಎನಿಸಿಕೊಳ್ಳಲು ಕನಿಷ್ಠ ಶೇ. 35ರಷ್ಟು ಮದ್ಯಸಾರ ಇರಲೇಬೇಕು. ಮದ್ಯ, ಮಾಂಸ, ಮಧುಗಳ ತ್ಯಾಗವನ್ನು ಮಕ್ಕಳಿಗೆ ಬೋಧಿಸುವ ನಾವು, ಬಂಧುಗಳು ವಿದೇಶದಿಂದ ತಂದ ಆ ಸೀಸೆಯನ್ನು ಓದದೆಯೇ ಬಗ್ಗಿಸುತ್ತೇವೆ. ಇಲ್ಲಿನ ಹಸಿರು ಚಿಹ್ನೆಯೂ ಸಮಾಧಾನವಾಗದು. ಮಾಂಸ, ಮೊಟ್ಟೆಗಳಿಲ್ಲವೆಂದು ಅದು ಹೇಳುತ್ತದೆಯೇ ಹೊರತು ಮದ್ಯಸಾರವಿಲ್ಲವೆಂದಲ್ಲ.

“ಬೇಯುವಾಗ ಆವಿಯಾಗುತ್ತದಲ್ಲ?” ಎನ್ನುವವರುಂಟು. ಪೂರ್ತಿಯಾಗಿ ಆಗುವುದಿಲ್ಲ. ಆಗುವುದಿದ್ದರೂ ಪ್ರಶ್ನೆ ಉಳಿದದ್ದೆಷ್ಟು ಎಂಬುದಲ್ಲ, ತಿಳಿದೂ ಏಕೆ ಬಳಸಿದೆವು ಎಂಬುದು. ಜಮೆಯನ್ನು ಬರೆದು ಖರ್ಚನ್ನು ಮರೆಮಾಚಿದ ಖಾತೆಯನ್ನು ಯಾವ ವ್ಯಾಪಾರಿಯೂ ಒಪ್ಪಲಾರ. ವ್ರತದ ಖಾತೆಗೂ ಅದೇ ನ್ಯಾಯ.

ಪರಿಹಾರ ಕಷ್ಟದ್ದಲ್ಲ. ನಮ್ಮ ಮಲೆನಾಡಿನಲ್ಲಿಯೂ ಬೆಳೆಯುವ ವೆನಿಲಾ ಕೋಡನ್ನು ಸೀಳಿ, ಒಳಗಿನ ಬೀಜವನ್ನು ಕೆರೆದು ಹಿಟ್ಟಿಗೆ ಸೇರಿಸಿರಿ. ದುಬಾರಿಯೆನಿಸಿದರೆ ಏಲಕ್ಕಿ ಇದ್ದೇ ಇದೆ. ಅಂದಿನ ಮೊಸರನ್ನು ಬಳಸಿ, ಸೂರ್ಯಾಸ್ತಕ್ಕೆ ಮುನ್ನ ಬೇಯಿಸಿ, ಮುನ್ನವೇ ಹಂಚಿರಿ. ಬಸದಿಯ ಸಮಾರಂಭಗಳಿಗೆ ಸಿಹಿ ತರಿಸುವ ಟ್ರಸ್ಟುಗಳೂ ಮೊದಲು ಸೀಸೆಯ ಮೇಲಿನ ಬರಹವನ್ನು ಓದಲಿ. ಮಕ್ಕಳ ಸಂತೋಷಕ್ಕಾಗಿ ನಿಯಮವನ್ನು ಸಡಿಲಿಸಬೇಕಾಗಿಲ್ಲ. ನಾವು ಎಚ್ಚರವಾಗಿದ್ದರೆ ಎರಡೂ ಉಳಿಯುತ್ತವೆ.