ಇಪ್ಪತ್ನಾಲ್ಕು ಗಂಟೆ ಎಲ್ಲಿ ಹೋಯಿತು?

ನಮ್ಮತ್ತೆಗೆ ಎಂಬತ್ತೆರಡು ವರ್ಷ. ಹೋದ ವರ್ಷ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದ ಮೇಲೆ ಅವರನ್ನು ಒಬ್ಬರನ್ನೇ ಬಿಡುವ ಹಾಗಿಲ್ಲ. ನೋಡಿಕೊಳ್ಳೋಕೆ ಒಬ್ಬರು ಬರುತ್ತಾರೆ. ಮನೆಯವರೆಲ್ಲ ಅವರನ್ನು ಅಕ್ಕ ಅಂತಲೇ ಕರೆಯೋದು. ಬೆಳಿಗ್ಗೆ 9ರಿಂದ ಸಂಜೆ 5ರವರೆಗೆ ತಿಂಗಳ ಸಂಬಳ. ಅದಾದ ಮೇಲೆ ನಿಂತರೆ, ಇಲ್ಲಾ ರಾತ್ರಿ ಉಳಿದುಕೊಂಡರೆ, ಗಂಟೆಗೆ 80 ರೂಪಾಯಿ ಹೆಚ್ಚು. ಇದು ಮೊದಲೇ ಮಾತಾಡಿಕೊಂಡಿದ್ದು.

ಈ ಹೆಚ್ಚಿನ ಗಂಟೆಗಳ ಲೆಕ್ಕ ಮೊದಲು ಒಂದು ನೋಟ್‌ಬುಕ್ಕಿನಲ್ಲಿತ್ತು. ಮೂರು ತಿಂಗಳ ಹಿಂದೆ ನನಗೆ ಉತ್ಸಾಹ ಬಂದು ಅದನ್ನು ಎಕ್ಸೆಲ್‌ಗೆ ಹಾಕಿದೆ. ಒಂದು ಕಾಲಂನಲ್ಲಿ ಶುರುವಾದ ಹೊತ್ತು, ಇನ್ನೊಂದರಲ್ಲಿ ಮುಗಿದ ಹೊತ್ತು, ಮೂರನೆಯದರಲ್ಲಿ ವ್ಯತ್ಯಾಸ, ಕೊನೆಯಲ್ಲಿ ಮೊತ್ತ. ಬಣ್ಣವನ್ನೂ ಹಚ್ಚಿದ್ದೆ. ಮೊದಲ ತಿಂಗಳು 19 ಗಂಟೆ ಬಂತು, ನೋಟ್‌ಬುಕ್ಕಿಗೂ ತಾಳೆಯಾಯಿತು. ನೋಟ್‌ಬುಕ್ಕನ್ನು ಹಳೇ ಪೇಪರ್ ಜೊತೆ ಹಾಕಿಬಿಟ್ಟೆ.

ಹೋದ ತಿಂಗಳ ಕೊನೆಯಲ್ಲಿ ಮೊತ್ತ ನೋಡಿದರೆ 7:15. ಏಳೂಕಾಲು ಗಂಟೆಗೆ 580 ರೂಪಾಯಿ. ಸಂಬಳದ ಜೊತೆ ಸೇರಿಸಿ ಕೊಟ್ಟೆ. ಅಕ್ಕ ಎಣಿಸಿಕೊಂಡು ಒಂದು ಕ್ಷಣ ಸುಮ್ಮನೆ ನಿಂತರು.

“ಅಮ್ಮಾ, ಈ ಸಲ ಸ್ವಲ್ಪ ಜಾಸ್ತಿ ನಿಂತಿದ್ದೆ ಅನ್ಸತ್ತೆ.”

“ಕಂಪ್ಯೂಟರ್‌ನಲ್ಲೇ ಬರೆದಿದೀನಿ ಅಕ್ಕ, ನೋಡಿ ಬೇಕಾದ್ರೆ,” ಅಂದೆ.

“ಇರ್ಲಿ ಬಿಡಿ. ಕಂಪ್ಯೂಟರ್ ಲೆಕ್ಕ ಅಂದ್ಮೇಲೆ ಸರಿಯಾಗೇ ಇರತ್ತೆ,” ಅಂದು ದುಡ್ಡನ್ನು ಪರ್ಸಿಗೆ ಹಾಕಿಕೊಂಡು ಹೊರಟರು.

ರಾತ್ರಿ ಹಾಲಿನ ಲೆಕ್ಕ ಬರೆಯೋಕೆ ಅಡುಗೆಮನೆ ಕ್ಯಾಲೆಂಡರ್ ಮುಂದೆ ನಿಂತಾಗ ಪೆನ್ಸಿಲಿನ ಸಣ್ಣ ಗೀಟುಗಳು ಕಣ್ಣಿಗೆ ಬಿದ್ದವು. ಮೊದಲೂ ನೋಡಿದ್ದೆ, ಮೊಮ್ಮಗನ ಕೆಲಸ ಅಂದುಕೊಂಡಿದ್ದೆ. ಅತ್ತೆ ಮಂಚದಿಂದಲೇ ಹೇಳಿದರು: “ಅದು ಅವಳದ್ದು ಕಣೇ. ಗಂಟೆಗೊಂದು ಗೀಟು, ಅರ್ಧಕ್ಕೆ ಗಿಡ್ಡ ಗೀಟು, ಕಾಲಿಗೆ ಚುಕ್ಕೆ.” ಎಣಿಸಿದೆ. ಮೂವತ್ತೊಂದು ಗಂಟೆ, ಮೇಲೊಂದು ಚುಕ್ಕೆ.

ಲ್ಯಾಪ್‌ಟಾಪ್ ತೆಗೆದು ಪ್ರತಿ ಸಾಲನ್ನೂ ಬೆರಳಲ್ಲಿ ಕೂಡಿಸಿದೆ. ಸಾಲುಗಳೆಲ್ಲ ಸರಿ. ಕೂಡಿದರೆ ಮೂವತ್ತೊಂದೂಕಾಲು. ಕೆಳಗೆ ಮಾತ್ರ ಏಳೂಕಾಲು. ಬೆಂಗಳೂರಿನಲ್ಲಿ ಲೆಕ್ಕಪತ್ರದ ಕೆಲಸ ಮಾಡುವ ಅಕ್ಕನ ಮಗಳಿಗೆ ಫೋನ್ ಹಚ್ಚಿದೆ. ಅವಳು ನಕ್ಕಳು. “ಚಿಕ್ಕಮ್ಮ, ಅದು ನಿಮಗೆ ಮೊತ್ತ ಹೇಳ್ತಿಲ್ಲ, ಟೈಮ್ ಹೇಳ್ತಿದೆ!”

ಅವಳು ಬಿಡಿಸಿ ಹೇಳಿದ್ದು ಹೀಗೆ. ಎಕ್ಸೆಲ್‌ಗೆ ಒಂದು ಇಡೀ ದಿನ ಅಂದರೆ 1. ಬೆಳಿಗ್ಗೆ 6 ಅಂದರೆ 0.25, ಮಧ್ಯಾಹ್ನ 12 ಅಂದರೆ 0.5. ಒಂದು ಗಂಟೆ ಅಂದರೆ ದಿನದ 24ರಲ್ಲಿ ಒಂದು ಪಾಲು. ನಮ್ಮ ಪಂಚಾಂಗದವರು ದಿನವನ್ನು 60 ಗಳಿಗೆ ಮಾಡಿಕೊಂಡ ಹಾಗೇ ಇದೂ ಒಂದು ಭಾಗಾಕಾರ. ಮೂವತ್ತೊಂದೂಕಾಲು ಗಂಟೆ ಅದರ ಹೊಟ್ಟೆಯೊಳಗೆ 1.302 ಅಂತ ಸರಿಯಾಗೇ ಇತ್ತು. ಆದರೆ ತೋರಿಸುವಾಗ ಗೋಡೆ ಗಡಿಯಾರದ ಹಾಗೆ ತೋರಿಸುತ್ತೆ. 24 ತುಂಬಿದ ಕೂಡಲೇ ಮತ್ತೆ ಸೊನ್ನೆಯಿಂದ ಶುರು. ಮುಂದಿನ ಆ 1, ಅಂದರೆ ಒಂದು ಪೂರ್ತಿ ದಿನ, ಕಣ್ಣಿಗೆ ಕಾಣೋದಿಲ್ಲ. ಮೊದಲ ತಿಂಗಳು 24ರ ಒಳಗೇ ಇತ್ತಲ್ಲ, ಅದಕ್ಕೇ ತಪ್ಪು ಗೊತ್ತಾಗಲಿಲ್ಲ.

ಸರಿಮಾಡೋದು ಅರ್ಧ ನಿಮಿಷದ ಕೆಲಸ. ಮೊತ್ತದ ಮನೆಯ ಮೇಲೆ ನಿಂತು ಕಂಟ್ರೋಲ್ ಜೊತೆ 1 ಒತ್ತಿದರೆ ಫಾರ್ಮ್ಯಾಟ್ ಸೆಲ್ಸ್ ತೆರೆಯುತ್ತೆ. ಅಲ್ಲಿ ಕಸ್ಟಮ್‌ಗೆ ಹೋಗಿ, ಗಂಟೆಯನ್ನು ಸೂಚಿಸುವ ‘ಎಚ್’ ಅಕ್ಷರವನ್ನು ಚೌಕ ಕಂಸದೊಳಗೆ ಹಾಕಬೇಕು. [ಎಚ್]:ಎಂಎಂ, ಇಂಗ್ಲಿಷ್ ಅಕ್ಷರದಲ್ಲಿ. ಗೂಗಲ್ ಶೀಟ್ಸ್ ಬಳಸುವವರಿಗೆ ಫಾರ್ಮ್ಯಾಟ್‌ನ ನಂಬರ್ ಪಟ್ಟಿಯಲ್ಲಿ ಡ್ಯುರೇಷನ್ ಅಂತಲೇ ಇದೆ. ನಾನು ಕಂಸ ಹಾಕಿದ ಕೂಡಲೇ 7:15 ಹೋಗಿ 31:15 ಬಂತು.

ಉತ್ಸಾಹದಲ್ಲಿ ಪಕ್ಕದ ಮನೆಯಲ್ಲಿ ಅದನ್ನು 80ರಿಂದ ಗುಣಿಸಿದೆ. ಬಂದದ್ದು 104 ರೂಪಾಯಿ ಚಿಲ್ಲರೆ! “1.302 ದಿನಾನ 80ರಿಂದ ಗುಣಿಸಿದ್ರೆ ಇನ್ನೇನು ಬರತ್ತೆ? ಮೊದಲು 24ರಿಂದ ಗುಣಿಸಿ ಗಂಟೆ ಮಾಡ್ಕೊಳ್ಳಿ,” ಅಂದಳು. ಮಾಡಿದೆ. 2,500 ರೂಪಾಯಿ. ನಾನು ಕೊಟ್ಟಿದ್ದು 580.

ಇನ್ನೆರಡು ಗುಂಡಿಗಳನ್ನೂ ತೋರಿಸಿದಳು. ನಾವು ಒಂಬತ್ತೂವರೆಯನ್ನು ಚುಕ್ಕೆ ಇಟ್ಟು 9.30 ಅಂತ ಬರೆಯೋದು ವಾಡಿಕೆ. ಎಕ್ಸೆಲ್‌ಗೆ ಅದು ಹೊತ್ತಲ್ಲ, ಬರೀ ದಶಮಾಂಶ. 10.15ರಲ್ಲಿ 9.30 ಕಳೆದರೆ 0.85 ಅನ್ನುತ್ತೆ, ಕೆಲಸ ಮಾಡಿದ್ದು 45 ನಿಮಿಷ. ಅದಕ್ಕೇ ಮಧ್ಯೆ ಎರಡು ಚುಕ್ಕೆಯೇ ಬೇಕು, 9:30. ಇನ್ನೊಂದು, ರಾತ್ರಿ 9ಕ್ಕೆ ಶುರುವಾಗಿ ಬೆಳಿಗ್ಗೆ 6ಕ್ಕೆ ಮುಗಿದರೆ ಕಳೆಯುವಾಗ ಸೊನ್ನೆಗಿಂತ ಕೆಳಗೆ ಹೋಗಿ ಎಕ್ಸೆಲ್ ಮನೆ ತುಂಬಾ ಜಾಲರಿ ಗುರುತು ಹಾಕುತ್ತೆ. ನಾನು ಅಂಥ ಕಡೆಯೆಲ್ಲ 9:00 ಅಂತ ಕೈಯಲ್ಲೇ ತುಂಬಿದ್ದೆ. ಹಾಗೆ ಮಾಡಬೇಕಿಲ್ಲ, ದಿನ ದಾಟಿದೆ ಅಂತ ತಿಳಿಸೋಕೆ ಉತ್ತರಕ್ಕೆ 1 ಕೂಡಿಸಿದರೆ ಸಾಕು.

ಫೋನಿಟ್ಟ ಮೇಲೆ ಹಿಂದಿನ ತಿಂಗಳ ಹಾಳೆ ನೆನಪಾಯಿತು. ಆವಾಗ ನಾನು ಊರಲ್ಲಿರಲಿಲ್ಲ, ಯಜಮಾನರೇ ಮೊತ್ತ ನೋಡಿ ಕೊಟ್ಟಿದ್ದರು. ತೆರೆದು ನೋಡಿದರೆ 2:30. ಕಂಸ ಹಾಕಿದೆ, 26:30 ಆಯಿತು. 2,120 ಕೊಡಬೇಕಾದಲ್ಲಿ 200 ಕೊಟ್ಟಿದ್ದೆವು. ಎರಡೂ ತಿಂಗಳು ಸೇರಿ 3,840 ರೂಪಾಯಿ. ಆ ತಿಂಗಳು ಅಕ್ಕ ಒಂದು ಮಾತೂ ಕೇಳಿರಲಿಲ್ಲ.

ನನಗೆ ನಿದ್ದೆ ಬಾರದ್ದು ಇದಕ್ಕೇ. ಯಂತ್ರ ತಪ್ಪು ತೋರಿಸಿತು, ಸರಿ. ಆದರೆ “ನೋಡಿ ಬೇಕಾದ್ರೆ” ಅಂದವಳು ನಾನು. ಅವರಿಗೆ ಎಕ್ಸೆಲ್ ಓದೋಕೆ ಬರೋದಿಲ್ಲ ಅಂತ ನನಗೆ ಗೊತ್ತಿತ್ತು. ಸರಿಯಾದ ಲೆಕ್ಕ ನಮ್ಮ ಗೋಡೆಯ ಮೇಲೇ ಇತ್ತು, ಅದನ್ನು ಬರೆದವರು ತಮ್ಮ ಗೀಟಿಗಿಂತ ನನ್ನ ಬಣ್ಣದ ಹಾಳೆಯನ್ನೇ ನಂಬಿದರು.

ಬೆಳಿಗ್ಗೆ ಅಕ್ಕ ಬಂದಾಗ ಕೂರಿಸಿ ಎಲ್ಲ ಹೇಳಿ ದುಡ್ಡು ಕೊಟ್ಟೆ. “ತಪ್ಪಾಯ್ತು ಅಕ್ಕ” ಅಂದೆ. “ಅಯ್ಯೋ, ನೀವೇನು ಬೇಕಂತ ಮಾಡಿದ್ರಾ,” ಅಂದರು. ಆಮೇಲೆ ಸ್ವಲ್ಪ ತಡೆದು, “ಮಗಳ ಫೀಸಿಗೆ ಕೈಸಾಲ ತಗೊಂಡಿದ್ದೆ ಅಮ್ಮ, ತೀರಿಸ್ಬೋದು,” ಅಂದರು. ನನಗೆ ಮಾತೇ ಹೊರಡಲಿಲ್ಲ.

ಈಗ ತಿಂಗಳ ಕೊನೇ ದಿನ ಕ್ಯಾಲೆಂಡರ್ ಇಳಿಸಿ ಊಟದ ಮೇಜಿನ ಮೇಲೆ ಇಡುತ್ತೇವೆ. ಅವರು ಗೀಟು ಎಣಿಸುತ್ತಾರೆ, ನಾನು ಹಾಳೆ ಓದುತ್ತೇನೆ, ಅತ್ತೆ ಸಾಕ್ಷಿ. ಎರಡೂ ಕೂಡಿಬಂದ ಮೇಲೇ ದುಡ್ಡು.

ನಿಮ್ಮ ಮನೆಯಲ್ಲೋ, ಅಂಗಡಿಯಲ್ಲೋ, ಹೊಲಿಗೆ ಘಟಕದಲ್ಲೋ ಹೀಗೆ ಯಾರದ್ದಾದರೂ ಗಂಟೆ ಲೆಕ್ಕ ಎಕ್ಸೆಲ್‌ನಲ್ಲಿದ್ದರೆ ಇವತ್ತೇ ಒಂದು ಪರೀಕ್ಷೆ ಮಾಡಿ. ಒಂದು ಮನೆಯಲ್ಲಿ 20:00, ಕೆಳಗೆ 10:00 ಹಾಕಿ ಕೂಡಿಸಿ. 30 ಬಂದರೆ ಸರಿ. 6 ಬಂದರೆ ಹಳೆಯ ಹಾಳೆಗಳನ್ನೂ ತೆಗೆದು ನೋಡಿ. ಯಾರಿಗೋ ಒಂದು ದಿನದ ದುಡಿಮೆ ಬಾಕಿ ಇರಬಹುದು.