ಗುಂಡನಿಗೂ ಒಂದು ಜಾಕೆಟ್

ಮಕ್ಕಳೇ, ಮುಳ್ಳಯ್ಯನಗಿರಿಯ ತುದಿಯಷ್ಟು ಎತ್ತರದಲ್ಲಿ ಒಂದು ದೊಡ್ಡ ಸರೋವರವಿದ್ದರೆ ಹೇಗಿರುತ್ತದೆ? ಅಮೆರಿಕದ ತಾಹೋ ಸರೋವರ ಹಾಗೆಯೇ ಇದೆ. ಸಿಯೆರಾ ನೆವಾಡ ಬೆಟ್ಟಗಳ ನಡುವೆ, ಸುಮಾರು 1,900 ಮೀಟರ್ ಎತ್ತರದಲ್ಲಿ. ಆಳ 501 ಮೀಟರ್, ನಮ್ಮ ಜೋಗದ ಎತ್ತರದ ಹತ್ತಿರಹತ್ತಿರ ಎರಡರಷ್ಟು! ಹಿಮ ಕರಗಿ ಬರುವ ನೀರು. ಬೇಸಿಗೆಯಲ್ಲೂ ಕಾಲಿಟ್ಟರೆ ಜುಮ್ಮೆನ್ನುತ್ತದೆ.

ಕ್ಯಾಲಿಫೋರ್ನಿಯಾದಲ್ಲಿರುವ ಮಗಳು ನನ್ನನ್ನು ಅಲ್ಲಿಗೆ ಕರೆದೊಯ್ದಿದ್ದಳು. ಅವಳೂ ಮೊಮ್ಮಗಳೂ ಕಯಾಕ್ ಎಂಬ ಉದ್ದನೆಯ ಪುಟ್ಟ ದೋಣಿ ಹತ್ತಲು ಸಿದ್ಧರಾದರು. ಜೊತೆಗೆ ಅವರ ನಾಯಿ ಗುಂಡ. ಮೊಮ್ಮಗಳು ತಾನು ಲೈಫ್ ಜಾಕೆಟ್ ತೊಟ್ಟು, ಗುಂಡನಿಗೂ ಒಂದು ತೊಡಿಸಿದಳು.

"ನಾಯಿಗೆ ಈಜು ಬರುತ್ತಲ್ಲ ಪುಟ್ಟಿ?" ಎಂದೆ.

"ಈಜು ಬರುತ್ತೆ ತಾತ. ಆದರೆ ಈ ಚಳಿಗೆ ಬೇಗ ಸುಸ್ತಾಗುತ್ತೆ."

ಸ್ವಲ್ಪ ಹೊತ್ತಿಗೆ ಬಾತುಕೋಳಿ ಕಂಡದ್ದೇ ತಡ, ಗುಂಡ ನೀರಿಗೆ ಹಾರಿಯೇಬಿಟ್ಟ! ದಡದಲ್ಲಿದ್ದ ನನ್ನ ಎದೆ ಧಸಕ್ಕೆಂದಿತು. ದೋಣಿ ಓಲಾಡಿತು. ಮಗಳು ಹುಟ್ಟು ಚಾಚಿ ದೋಣಿಯನ್ನು ಸಮತೋಲನದಲ್ಲಿಟ್ಟಳು. ಜಾಕೆಟ್ಟಿನ ಬೆನ್ನ ಮೇಲೆ ಚೀಲಕ್ಕಿರುವಂಥ ಹಿಡಿಕೆಯಿತ್ತು. ಅದನ್ನು ಹಿಡಿದು ಮೊಮ್ಮಗಳು ಗುಂಡನನ್ನು ಮೇಲೆಳೆದಳು. ಪಾಪ, ಗಡಗಡ ನಡುಗುತ್ತಿದ್ದ.

ದೋಣಿ ಹತ್ತುವಾಗ ನೀವೂ ಜಾಕೆಟ್ಟಿನ ಪಟ್ಟಿಗಳನ್ನು ಬಿಗಿದುಕೊಳ್ಳಿ. "ನನಗೆ ಈಜು ಗೊತ್ತು" ಎನ್ನುವ ಅಜ್ಜ ಅಜ್ಜಿಯರಿಗೂ ಬಿಡದೆ ತೊಡಿಸಿ!